ಲೆಕ್ಕದ ದಾಳ, ಕೈಯಲ್ಲಿನ ದಾಳ: ಸೈದ್ಧಾಂತಿಕ ಮತ್ತು ಪ್ರಾಯೋಗಿಕ ಸಂಭವನೀಯತೆಯ ಅಂತರದ ಚರಿತ್ರೆ

ಎನ್‌ಸಿಇಆರ್‌ಟಿಯ ಹತ್ತನೇ ತರಗತಿಯ ಗಣಿತ ಪುಸ್ತಕದ ಹಿಂದಿನ ಆವೃತ್ತಿಗಳಲ್ಲಿ, ಸಂಭವನೀಯತೆಯ ಅಧ್ಯಾಯದ ಆರಂಭದಲ್ಲೇ ಮೂವರ ಹೆಸರು ಬರುತ್ತಿತ್ತು. ಬುಫೋನ್ ನಾಣ್ಯವನ್ನು 4040 ಸಲ ಚಿಮ್ಮಿ 2048 ಹೆಡ್ ಪಡೆದ. ಕೆರಿಚ್ 10,000 ಸಲ ಚಿಮ್ಮಿ 5067 ಪಡೆದ. ಕಾರ್ಲ್ ಪಿಯರ್ಸನ್ 24,000 ಸಲ ಚಿಮ್ಮಿ 12,012 ಪಡೆದ. ಪ್ರಯೋಗಗಳು ಹೆಚ್ಚಿದಂತೆ ಪ್ರಾಯೋಗಿಕ ಸಂಭವನೀಯತೆ ಸೈದ್ಧಾಂತಿಕ ಸಂಭವನೀಯತೆಯ ಹತ್ತಿರಕ್ಕೆ ಬರುತ್ತದೆ ಎಂದು ಮನಗಾಣಿಸಲು ಈ ಅಂಕಿಗಳನ್ನು ಕೊಡಲಾಗಿತ್ತು. ನಮ್ಮ ಎಸ್‌ಎಸ್‌ಎಲ್‌ಸಿ ಮಕ್ಕಳೂ ಕಲಿಯುವುದು ಇದನ್ನೇ. ಆದರೆ ಇದು ಅರ್ಧ ಸತ್ಯ ಎಂಬುದು ಈ ಲೇಖನದ ವಾದ. ಲೆಕ್ಕಕ್ಕೂ ಪ್ರಯೋಗಕ್ಕೂ ನಡುವೆ ಎರಡು ಬಗೆಯ ಅಂತರಗಳಿವೆ. ಒಂದು ಆಕಸ್ಮಿಕದ್ದು, ಪ್ರಯೋಗ ಹೆಚ್ಚಿಸಿದಷ್ಟೂ ಅದು ಕರಗುತ್ತದೆ. ಇನ್ನೊಂದು, ಲೆಕ್ಕ ಹಾಕುವ ಮುನ್ನ ನಾವು ಒಪ್ಪಿಕೊಂಡ ಊಹೆಯ ತಪ್ಪಿನಿಂದ ಬಂದದ್ದು. ಪ್ರಯೋಗ ಹೆಚ್ಚಿದಷ್ಟೂ ಅದು ಎದ್ದು ಕಾಣುತ್ತದೆ. ಇವೆರಡನ್ನು ಬೇರ್ಪಡಿಸುವ ಸಾಧನ ಗಣಿತಕ್ಕೆ ಬಹಳ ತಡವಾಗಿ ದಕ್ಕಿತು.

ಹದಿನೇಳನೇ ಶತಮಾನದ ಆರಂಭದಲ್ಲಿ ಗೆಲಿಲಿಯೊ ದಾಳಗಳ ಬಗ್ಗೆ ಒಂದು ಪುಟ್ಟ ಟಿಪ್ಪಣಿ ಬರೆದ. ಮೂರು ದಾಳ ಉರುಳಿಸಿದಾಗ ಮೊತ್ತ 9 ಬರಲು ಆರು ಸಂಯೋಜನೆಗಳಿವೆ, 10 ಬರಲೂ ಆರೇ. ಹಾಗಿದ್ದರೂ 10 ಹೆಚ್ಚು ಸಲ ಬೀಳುತ್ತದೆ ಎಂದು ಜೂಜುಗಾರರು ಹೇಳುತ್ತಿದ್ದರು. ಪ್ರತಿ ದಾಳವನ್ನೂ ಬೇರೆಬೇರೆಯಾಗಿ ಎಣಿಸಬೇಕು ಎಂದು ತೋರಿಸಿ ಗೆಲಿಲಿಯೊ ಒಗಟನ್ನು ಬಿಡಿಸಿದ: ಒಟ್ಟು 216 ಸಾಧ್ಯತೆಗಳಲ್ಲಿ 9ಕ್ಕೆ 25, 10ಕ್ಕೆ 27. ಎರಡರ ನಡುವಿನ ವ್ಯತ್ಯಾಸ 108ರಲ್ಲಿ ಒಂದು ಭಾಗ ಮಾತ್ರ. ಇಷ್ಟು ಸಣ್ಣ ವ್ಯತ್ಯಾಸ ಆಕಸ್ಮಿಕವಲ್ಲ ಎಂದು ಒಂದಿಷ್ಟು ಭರವಸೆಯಿಂದ ಹೇಳಬೇಕಾದರೂ ಸುಮಾರು ಹನ್ನೊಂದು ಸಾವಿರ ಸಲ ದಾಳ ಹಾಕಿ ಬರೆದಿಡಬೇಕಾಗುತ್ತದೆ. ಆಟಗಾರರು ಬರೀ ಅನುಭವದಿಂದಲೇ ಇದನ್ನು ಕಂಡುಕೊಂಡರು ಎಂಬ ಮಾತನ್ನು ನಾನು ಸುಲಭವಾಗಿ ಒಪ್ಪಲಾರೆ.

ಎಷ್ಟು ಪ್ರಯೋಗ ಸಾಕು ಎಂಬ ಪ್ರಶ್ನೆಯನ್ನು ಗಣಿತದ ಚೌಕಟ್ಟಿಗೆ ತಂದವನು ಬಾಸೆಲ್ ನಗರದ ಯಾಕೋಬ್ ಬರ್ನೂಲಿ. ಅವನ 'ಆರ್ಸ್ ಕಂಜೆಕ್ಟಾಂಡಿ' ಪ್ರಕಟವಾದದ್ದು 1713ರಲ್ಲಿ, ಅವನು ತೀರಿಕೊಂಡು ಎಂಟು ವರ್ಷಗಳ ಮೇಲೆ. ಒಂದು ಪಾತ್ರೆಯಲ್ಲಿ 3000 ಬಿಳಿ, 2000 ಕಪ್ಪು ಹರಳುಗಳಿವೆ ಎನ್ನಿ. ಒಂದೊಂದೇ ತೆಗೆದು, ನೋಡಿ, ಮತ್ತೆ ಒಳಗೆ ಹಾಕುತ್ತಾ ಹೋದರೆ ಬಿಳಿಯ ಪಾಲು 29/50ಕ್ಕೂ 31/50ಕ್ಕೂ ನಡುವೆ ಬರುವ ಸಾಧ್ಯತೆ, ಬರದಿರುವುದರ ಸಾವಿರ ಪಟ್ಟು ಆಗಬೇಕಾದರೆ 25,550 ಸಲ ತೆಗೆಯಬೇಕು ಎಂದು ಅವನ ಲೆಕ್ಕ ಬಂತು. ಕೆಲಸಕ್ಕೆ ಬಾರದಷ್ಟು ದೊಡ್ಡ ಸಂಖ್ಯೆ. 1733ರಲ್ಲಿ ಡಿ ಮಾಯ್‌ವರ್ ಇನ್ನಷ್ಟು ಹರಿತವಾದ ಸೂತ್ರ ಕೊಟ್ಟ: ಎಣಿಕೆಯಲ್ಲಿ ಆಕಸ್ಮಿಕದ ಏರುಪೇರು ಪ್ರಯೋಗಗಳ ಸಂಖ್ಯೆಯ ವರ್ಗಮೂಲದ ಪ್ರಮಾಣದಲ್ಲಷ್ಟೇ ಬೆಳೆಯುತ್ತದೆ, ಹಾಗಾಗಿ ಒಟ್ಟು ಪ್ರಯೋಗಗಳ ಪಾಲಾಗಿ ನೋಡಿದರೆ ಅದು ಕರಗುತ್ತಾ ಹೋಗುತ್ತದೆ. ಮುಂದಿನ ಪರೀಕ್ಷೆಗಳೆಲ್ಲ ನಿಂತಿರುವುದು ಈ ವರ್ಗಮೂಲದ ಮೇಲೆ.

ಇಲ್ಲಿ ಬುಫೋನನ 2048ರ ಕಡೆಗೆ ತಿರುಗಬೇಕು. ಪಠ್ಯಪುಸ್ತಕಗಳು ಅದನ್ನು ಪ್ರಯೋಗದ ಫಲಿತಾಂಶವೆಂದು ಕೊಡುತ್ತವೆ. 1777ರ ಅವನ ಪ್ರಬಂಧದಲ್ಲಿರುವ ಸಂಗತಿಯೇ ಬೇರೆ. ಸೇಂಟ್ ಪೀಟರ್ಸ್‌ಬರ್ಗ್ ಸಮಸ್ಯೆ ಎಂದು ಹೆಸರಾದ ಆಟದಲ್ಲಿ ಹೆಡ್ ಬೀಳುವವರೆಗೂ ನಾಣ್ಯ ಚಿಮ್ಮಬೇಕು. ಬಿದ್ದ ಕೂಡಲೇ ಆಟ ಮುಗಿಯಿತು. ಬುಫೋನ್ ಒಂದು ಮಗುವಿನ ಕೈಯಲ್ಲಿ ಈ ಆಟವನ್ನು 2048 ಸಲ ಆಡಿಸಿದ. 1061 ಆಟಗಳು ಮೊದಲ ಚಿಮ್ಮುವಿಕೆಗೇ ಮುಗಿದವು, 494 ಎರಡನೆಯದಕ್ಕೆ, 232 ಮೂರನೆಯದಕ್ಕೆ. ಹೀಗೆ ಇಳಿಯುತ್ತಾ ಆರು ಆಟಗಳು ಒಂಬತ್ತನೆಯದರವರೆಗೆ ಎಳೆದವು. ಎಲ್ಲವನ್ನೂ ಕೂಡಿಸಿದರೆ 4040. ಪ್ರತಿ ಆಟಕ್ಕೂ ಒಂದೇ ಹೆಡ್, ಆದ್ದರಿಂದ 2048 ಎಂಬುದು ಆಟದ ಎಣಿಕೆಯೇ ಹೊರತು ಆಕಸ್ಮಿಕದ ಫಲವಲ್ಲ. ಇಲ್ಲಿ ಆಕಸ್ಮಿಕವಾಗಿ ಬಂದದ್ದು 4040. ಸಿದ್ಧಾಂತದ ಪ್ರಕಾರ ಅದು 4096ರ ಆಸುಪಾಸಿನಲ್ಲಿರಬೇಕಿತ್ತು. ಯಾವುದನ್ನು ಮೊದಲೇ ಗೊತ್ತುಮಾಡಿಕೊಂಡಿದ್ದರು, ಯಾವುದನ್ನು ಎಣಿಸಿ ತಿಳಿದರು ಎಂಬುದನ್ನು ಮರೆತು ಅಂಕಿಗಳನ್ನು ಒಂದೇ ಪಟ್ಟಿಗೆ ಸೇರಿಸುವುದು ಸಂಖ್ಯಾಶಾಸ್ತ್ರಕ್ಕೆ ಮಾಡುವ ಅನ್ಯಾಯ.

ನಿರ್ಣಾಯಕ ತಿರುವು ಬಂದದ್ದು ಒಬ್ಬ ಪ್ರಾಣಿಶಾಸ್ತ್ರಜ್ಞನಿಂದ. ಏಡಿಗಳ ಮೈಯಳತೆ ತೆಗೆಯುತ್ತಿದ್ದ ಲಂಡನ್ನಿನ ರಫಾಯೆಲ್ ವೆಲ್ಡನ್, ಹನ್ನೆರಡು ದಾಳಗಳನ್ನು ಒಟ್ಟಿಗೆ 26,306 ಸಲ ಹಾಕಿದ ಲೆಕ್ಕವನ್ನು 1894ರಲ್ಲಿ ಫ್ರಾನ್ಸಿಸ್ ಗಾಲ್ಟನ್‌ಗೆ ಬರೆದು ಕಳಿಸಿದ. ಒಟ್ಟು 3,15,672 ದಾಳಗಳು ಉರುಳಿದಂತಾಯಿತು. ಐದು ಇಲ್ಲವೇ ಆರು ಬಿದ್ದದ್ದು 1,06,602 ಸಲ. ಮೂರರಲ್ಲೊಂದು ಎಂಬ ಸಿದ್ಧಾಂತದಂತೆ ಬೀಳಬೇಕಿದ್ದದ್ದು 1,05,224 ಸಲ. ಹೆಚ್ಚುವರಿ 1378.

ಇದನ್ನು ಕೆರಿಚ್‌ನ ಫಲಿತಾಂಶದ ಪಕ್ಕದಲ್ಲಿಟ್ಟು ನೋಡಬೇಕು. ಎರಡನೇ ಮಹಾಯುದ್ಧದ ಕಾಲದಲ್ಲಿ ಡೆನ್ಮಾರ್ಕಿನಲ್ಲಿ ಬಂಧನದಲ್ಲಿದ್ದಾಗ ಅವನು ಮಾಡಿದ ಪ್ರಯೋಗದಲ್ಲಿ ಹೆಚ್ಚುವರಿ 67 ಹೆಡ್, ಅಂದರೆ ಒಟ್ಟು ಚಿಮ್ಮಿದ್ದರ ಶೇ. 0.67. ವೆಲ್ಡನ್ನನದು ಶೇ. 0.44 ಮಾತ್ರ. ಶೇಕಡಾವಾರು ನೋಡಿದರೆ ವೆಲ್ಡನ್ನನ ದಾಳಗಳೇ ಸಿದ್ಧಾಂತಕ್ಕೆ ಹತ್ತಿರ. ವರ್ಗಮೂಲದ ಅಳತೆಗೋಲು ಹಿಡಿದರೆ ಚಿತ್ರ ತಲೆಕೆಳಗಾಗುತ್ತದೆ. ಹತ್ತು ಸಾವಿರ ಚಿಮ್ಮುವಿಕೆಯಲ್ಲಿ ಮಾನಕ ವಿಚಲನೆ, ಅಂದರೆ ಆಕಸ್ಮಿಕದಿಂದ ಸಹಜವಾಗಿ ಬರುವ ಏರುಪೇರಿನ ಅಳತೆ, 50. 67 ಅದಕ್ಕಿಂತ ತುಸು ಹೆಚ್ಚು, ಆಶ್ಚರ್ಯಪಡುವಂಥದ್ದೇನಲ್ಲ. ವೆಲ್ಡನ್ನನ ಪ್ರಯೋಗದಲ್ಲಿ ಮಾನಕ ವಿಚಲನೆ ಸುಮಾರು 265. 1378 ಅದರ ಐದು ಪಟ್ಟಿಗೂ ಮಿಗಿಲು. ಹತ್ತಿರ ಬಂದ ಅಂಕಿಯೇ ಸಿದ್ಧಾಂತವನ್ನು ಸುಳ್ಳಾಗಿಸಿತು. ಪಿಯರ್ಸನ್ 1900ರಲ್ಲಿ ಪ್ರಕಟಿಸಿದ ಕೈ-ವರ್ಗ ಪರೀಕ್ಷೆಗೆ ಇದೇ ದತ್ತಾಂಶವನ್ನು ಉದಾಹರಣೆಯಾಗಿ ಬಳಸಿದ. ಆಕಸ್ಮಿಕದ ಅಂತರವನ್ನು ಊಹೆಯ ತಪ್ಪಿನಿಂದ ಬೇರ್ಪಡಿಸುವ ಕ್ರಮಬದ್ಧ ವಿಧಾನ ಸಿಕ್ಕಿದ್ದು ಆಗಲೇ.

ತಪ್ಪು ಇದ್ದದ್ದೆಲ್ಲಿ? ದಾಳದ ಮೈಯಲ್ಲಿ, ಎಂಬುದು ಸಾಮಾನ್ಯವಾಗಿ ಕೊಡುವ ವಿವರಣೆ. ಚುಕ್ಕೆಗಳನ್ನು ಕೊರೆದು ಮಾಡಿದಾಗ ಐದು, ಆರರ ಮುಖಗಳಿಂದ ಹೆಚ್ಚು ವಸ್ತು ಹೋಗಿ, ಎದುರಿನ ಎರಡು, ಒಂದರ ಮುಖಗಳಿಗಿಂತ ಅವು ಹಗುರವಾಗುತ್ತವೆ. ಹಗುರವಾದದ್ದು ಮೇಲೆ ನಿಲ್ಲುತ್ತದೆ. 2009ರಲ್ಲಿ ಷಿಕಾಗೋದ ಜಕಾರಯ ಲ್ಯಾಬಿ ಯಂತ್ರ ಮತ್ತು ಕ್ಯಾಮೆರಾ ಹೂಡಿ ಅಷ್ಟೇ ಸಲ ದಾಳ ಹಾಕಿಸಿದಾಗ ಐದು-ಆರರ ಪಾಲು ಸಿದ್ಧಾಂತಕ್ಕೆ ಹೊಂದಿತು. ಮುಖಗಳನ್ನು ಬಿಡಿಬಿಡಿಯಾಗಿ ನೋಡಿದಾಗ ಮಾತ್ರ ಒಂದು ಮತ್ತು ಆರು ಹೆಚ್ಚು ಬಿದ್ದಿದ್ದವು. ಆ ಎರಡು ಮುಖಗಳ ನಡುವಿನ ದೂರ ಉಳಿದವುಗಳಿಗಿಂತ ಕೂದಲೆಳೆಯಷ್ಟು ಕಡಿಮೆಯಿತ್ತು.

ನಾಣ್ಯದ ಮೇಲಿನ ನಂಬಿಕೆಗೂ ಇದೇ ಪರೀಕ್ಷೆ ಎದುರಾಯಿತು. ಕೈಯಿಂದ ಚಿಮ್ಮಿದ ನಾಣ್ಯ, ಮೊದಲು ಮೇಲಿದ್ದ ಮುಖವನ್ನೇ ಮೇಲಾಗಿಸಿ ಬೀಳುವ ಸಂಭವ ಸುಮಾರು ಶೇ. 51 ಎಂದು ಪರ್ಸಿ ಡಯಾಕೊನಿಸ್ ಮತ್ತು ಸಂಗಡಿಗರು 2007ರಲ್ಲಿ ಭೌತಶಾಸ್ತ್ರದ ಲೆಕ್ಕದಿಂದ ಹೇಳಿದರು. 2023ರಲ್ಲಿ ಫ್ರಾಂಟಿಶೆಕ್ ಬಾರ್ಟೊಶ್ ಮುಂದಾಳಾಗಿದ್ದ ತಂಡ 3,50,757 ಸಲ ಚಿಮ್ಮಿ ಪಡೆದದ್ದು ಶೇ. 50.8. ಅದೇ ದತ್ತಾಂಶದಲ್ಲಿ ಹೆಡ್ ಮತ್ತು ಟೇಲ್‌ಗಳ ನಡುವೆ ಯಾವ ಪಕ್ಷಪಾತವೂ ಕಾಣಲಿಲ್ಲ. ಹಾಗಾಗಿ ಅರ್ಧಕ್ಕರ್ಧ ಎಂಬ ಹಳೆಯ ಲೆಕ್ಕ ಪೂರ್ತಿ ಬಿದ್ದುಹೋಗಲಿಲ್ಲ. ಚಿಮ್ಮುವ ಮೊದಲು ಯಾವ ಮುಖ ಮೇಲಿದೆ ಎಂಬುದನ್ನು ಮರೆಮಾಚಿದರೆ ಅದು ಇಂದಿಗೂ ನಿಲ್ಲುತ್ತದೆ. ನಾಣ್ಯ ಚಿಮ್ಮಿ ತೀರ್ಮಾನ ಮಾಡುವವರು ಹಾಗೆಯೇ ಮಾಡಬೇಕೆಂದು ಆ ತಂಡ ಸಲಹೆಯನ್ನೂ ಕೊಟ್ಟಿದೆ.