ಮುಕ್ತಿ ಮಿಷನ್

ಮುಕ್ತಿ ಮಿಷನ್ ಮಹಾರಾಷ್ಟ್ರದ ಪುಣೆ ಜಿಲ್ಲೆಯ ಕೇಡಗಾಂವ್‌ನಲ್ಲಿರುವ ಕ್ರೈಸ್ತ ಸೇವಾಸಂಸ್ಥೆ. ಪಂಡಿತಾ ರಮಾಬಾಯಿಯವರು (1858–1922) ಇದನ್ನು 19ನೆಯ ಶತಮಾನದ ಕೊನೆಯಲ್ಲಿ ಸ್ಥಾಪಿಸಿದರು. ವಿಧವೆಯರಿಗೂ ಅನಾಥ ಬಾಲಕಿಯರಿಗೂ ಆಶ್ರಯ ನೀಡಿದ ಈ ಸಂಸ್ಥೆಯಲ್ಲಿ ಭಾರತೀಯ ಕ್ರೈಸ್ತ ಸ್ತ್ರೀಯರು ತಾವೇ ಪ್ರಾರ್ಥನಾ ಕೂಟಗಳನ್ನು ನಡೆಸಿದರು, ಧರ್ಮಬೋಧನೆ ಮಾಡಿದರು, ಬೈಬಲನ್ನು ಮುದ್ರಿಸಿದರು. ಧರ್ಮಗ್ರಂಥವನ್ನು ಸ್ತ್ರೀಯು ಸ್ವತಃ ಓದಿ ಅರ್ಥಮಾಡಿಕೊಳ್ಳಬೇಕು ಎಂಬುದು ಸಂಸ್ಥೆಯ ಮೂಲ ನಿಲುವಾಗಿತ್ತು.

ಹಿನ್ನೆಲೆ

ರಮಾಬಾಯಿಯವರ ತಂದೆ ಅನಂತ ಶಾಸ್ತ್ರಿ ಡೋಂಗ್ರೆಯವರು ಇಂದಿನ ಉಡುಪಿ ಜಿಲ್ಲೆಯ ಕಾರ್ಕಳದ ಸಮೀಪದ ಮಾಳದವರು. ಅವರು ತಮ್ಮ ಪತ್ನಿ ಲಕ್ಷ್ಮೀಬಾಯಿಯವರಿಗೆ ಸಂಸ್ಕೃತ ಕಲಿಸಿದ್ದು ಅಂದಿನ ಸಂಪ್ರದಾಯಸ್ಥರ ವಿರೋಧಕ್ಕೆ ಕಾರಣವಾಯಿತು. ಉಡುಪಿಯ ಪಂಡಿತ ಸಭೆಯಲ್ಲಿ ಅವರು ತಮ್ಮ ನಿಲುವನ್ನು ಶಾಸ್ತ್ರಾಧಾರಗಳಿಂದಲೇ ಸಮರ್ಥಿಸಿಕೊಂಡರು. ಬಳಿಕ ಕುಟುಂಬವು ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ನೆಲಸಿತು. ರಮಾಬಾಯಿ ಜನಿಸಿದ್ದು ಅಲ್ಲಿಯೇ. ಅವರಿಗೆ ಸಂಸ್ಕೃತದ ಮೊದಲ ಗುರು ತಾಯಿ. 1878ರಲ್ಲಿ ಕಲ್ಕತ್ತದ ವಿದ್ವಾಂಸರು ರಮಾಬಾಯಿಯವರಿಗೆ 'ಪಂಡಿತಾ' ಮತ್ತು 'ಸರಸ್ವತಿ' ಎಂಬ ಬಿರುದುಗಳನ್ನಿತ್ತರು.

1882ರಲ್ಲಿ ಪತಿಯನ್ನು ಕಳೆದುಕೊಂಡ ರಮಾಬಾಯಿ ಮರುವರ್ಷ ಮಗಳು ಮನೋರಮೆಯೊಡನೆ ಇಂಗ್ಲೆಂಡಿಗೆ ತೆರಳಿ, ವಾಂಟೇಜ್‌ನ ಆಂಗ್ಲಿಕನ್ ಸಂನ್ಯಾಸಿನಿಯರ ಮಠದಲ್ಲಿ ದೀಕ್ಷಾಸ್ನಾನ ಪಡೆದರು. ಆದರೆ ಸಭೆಯ ಬೋಧನೆಯನ್ನು ಅವರು ಪ್ರಶ್ನಿಸದೆ ಒಪ್ಪಲಿಲ್ಲ. ತ್ರಯೇಕತ್ವದಂತಹ ತತ್ತ್ವಗಳ ಕುರಿತು ಮಠದ ಸಿಸ್ಟರ್ ಜೆರಾಲ್ಡೀನ್ ಅವರೊಡನೆ ದೀರ್ಘ ಪತ್ರವ್ಯವಹಾರ ನಡೆಸಿದರು. ಹಿರಿಯರ ಮಾತಿಗಿಂತ ಬೈಬಲಿನ ವಚನ ಹಾಗೂ ಸ್ವಂತ ಮನಸ್ಸಾಕ್ಷಿಯೇ ತಮಗೆ ಪ್ರಮಾಣವೆಂಬುದು ಅವರ ವಾದವಾಗಿತ್ತು.

ಶಾರದಾ ಸದನ

1889ರಲ್ಲಿ ರಮಾಬಾಯಿ ಮುಂಬಯಿಯಲ್ಲಿ ಬಾಲವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಮರುವರ್ಷ ಅದು ಪುಣೆಗೆ ಸ್ಥಳಾಂತರಗೊಂಡಿತು. ಶಾಲೆಯಲ್ಲಿ ಮತಬೋಧನೆ ಮಾಡುವುದಿಲ್ಲವೆಂಬ ಷರತ್ತಿತ್ತು. ಆದರೆ ರಮಾಬಾಯಿಯವರು ತಮ್ಮ ಕೋಣೆಯಲ್ಲಿ ಬಾಗಿಲು ತೆರೆದೇ ಪ್ರಾರ್ಥಿಸುತ್ತಿದ್ದರು. ಕೆಲವು ವಿದ್ಯಾರ್ಥಿನಿಯರು ಅಲ್ಲಿಗೆ ಬರತೊಡಗಿದರು. ಇದು ಷರತ್ತಿನ ಉಲ್ಲಂಘನೆಯೇ ಅಲ್ಲವೇ ಎಂಬ ವಿವಾದವೆದ್ದು, 1893ರಲ್ಲಿ ಎಂ. ಜಿ. ರಾನಡೆ, ಆರ್. ಜಿ. ಭಂಡಾರಕರ್ ಮೊದಲಾದವರು ಸಲಹಾ ಮಂಡಲಿಯಿಂದ ಹೊರಬಂದರು. ಅನೇಕ ಪಾಲಕರು ಮಕ್ಕಳನ್ನು ಶಾಲೆ ಬಿಡಿಸಿದರು.

ಸ್ಥಾಪನೆ

1896–97ರ ಬರಗಾಲದಲ್ಲಿ ರಮಾಬಾಯಿ ಮಧ್ಯ ಪ್ರಾಂತ್ಯಗಳಿಂದ ಸುಮಾರು 300 ಹೆಣ್ಣುಮಕ್ಕಳನ್ನು ಕರೆತಂದು, ಕೇಡಗಾಂವ್‌ನ ತಮ್ಮ ಜಮೀನಿನಲ್ಲಿ ಆಶ್ರಯ ನೀಡಿದರು. ಶಾರದಾ ಸದನಕ್ಕಿಂತ ಭಿನ್ನವಾಗಿ ಇದು ಆರಂಭದಿಂದಲೇ ಬಹಿರಂಗವಾಗಿ ಕ್ರೈಸ್ತ ಸಂಸ್ಥೆಯಾಗಿತ್ತು. 1900ರ ಸುಮಾರಿಗೆ ಗುಜರಾತಿನಲ್ಲಿ ಬರಗಾಲ ಬಂದ ಬಳಿಕ ನಿವಾಸಿನಿಯರ ಸಂಖ್ಯೆ 2,000ದ ಹತ್ತಿರಕ್ಕೆ ಏರಿತು. ಸಮಾಜ ಪತಿತೆಯರೆಂದು ದೂರವಿಟ್ಟ ಸ್ತ್ರೀಯರಿಗಾಗಿ ಕೃಪಾ ಸದನವೂ ಅಂಧರಿಗಾಗಿ ಪ್ರತ್ಯೇಕ ವಿಭಾಗವೂ ಇದ್ದವು. ಅಮೆರಿಕದಲ್ಲಿ ಬ್ರೈಲ್ ಲಿಪಿ ಕಲಿತಿದ್ದ ಮನೋರಮಾಬಾಯಿ ಅಂಧ ಬಾಲಕಿಯರಿಗೆ ಅದನ್ನು ಕಲಿಸಿದರು. ಓದುಬರಹದ ಜೊತೆಗೆ ನೇಯ್ಗೆ, ಹೊಲಿಗೆ, ಕೃಷಿ, ಮುದ್ರಣಗಳ ತರಬೇತಿಯೂ ನಡೆಯುತ್ತಿತ್ತು.

1905ರ ಉಜ್ಜೀವನ

1905ರ ಜನವರಿಯಲ್ಲಿ ರಮಾಬಾಯಿಯವರ ಕರೆಯಂತೆ ಸುಮಾರು 70 ಮಂದಿ ಸ್ತ್ರೀಯರು ದಿನವೂ ಸೇರಿ ಪ್ರಾರ್ಥಿಸತೊಡಗಿದರು. ಜೂನ್ ವೇಳೆಗೆ ಈ ಸಂಖ್ಯೆ 550ನ್ನು ಮುಟ್ಟಿತು. ಆ ತಿಂಗಳ ಕೊನೆಯಲ್ಲಿ ಪಾಪನಿವೇದನೆ, ಕಣ್ಣೀರು, ಗಟ್ಟಿಧ್ವನಿಯ ಸಾಮೂಹಿಕ ಪ್ರಾರ್ಥನೆಗಳೊಡನೆ ಉಜ್ಜೀವನ ಕಾಣಿಸಿಕೊಂಡಿತು. ಯುವತಿಯರು ತಂಡಗಳಾಗಿ ಸುತ್ತಲಿನ ಊರುಗಳಿಗೆ ಹೋಗಿ ಸುವಾರ್ತೆ ಸಾರಿದರು. ಸಹಕಾರ್ಯಕರ್ತೆ ಮಿನ್ನಿ ಏಬ್ರಮ್ಸ್ ಈ ಅನುಭವಗಳ ಹಿನ್ನೆಲೆಯಲ್ಲಿ ಬರೆದ ಪುಸ್ತಕವು ದಕ್ಷಿಣ ಅಮೆರಿಕದ ಚಿಲಿಯಲ್ಲಿದ್ದ ಗೆಳತಿಯೊಬ್ಬರ ಕೈಸೇರಿ, ಅಲ್ಲಿ 1909ರಲ್ಲಿ ಆರಂಭವಾದ ಪೆಂಟೆಕೋಸ್ಟಲ್ ಚಳವಳಿಗೆ ಪ್ರೇರಣೆಯಾಯಿತು.

ಮರಾಠಿ ಬೈಬಲ್

ಅಂದು ಬಳಕೆಯಲ್ಲಿದ್ದ ಮರಾಠಿ ಬೈಬಲಿನ ಸಂಸ್ಕೃತಭೂಯಿಷ್ಠ ಭಾಷೆ ಹಳ್ಳಿಯ ಸ್ತ್ರೀಯರಿಗೆ ಅರ್ಥವಾಗದೆಂದು ರಮಾಬಾಯಿ ಭಾವಿಸಿದರು. ಸಂಸ್ಕೃತದಲ್ಲಿ ಪ್ರಕಾಂಡ ಪಾಂಡಿತ್ಯವಿದ್ದವರೇ ಆ ಪಾಂಡಿತ್ಯದ ಭಾಷೆಯನ್ನು ಬದಿಗಿರಿಸಿ, ಸರಳ ಮರಾಠಿಯಲ್ಲಿ ಹೊಸ ಅನುವಾದಕ್ಕೆ ತೊಡಗಿದ್ದು ಗಮನಾರ್ಹ. ಇದಕ್ಕಾಗಿ ಅವರು ಹೀಬ್ರೂ ಮತ್ತು ಗ್ರೀಕ್ ಭಾಷೆಗಳನ್ನು ಕಲಿತು, ಜೀವನದ ಕೊನೆಯ ಒಂದೂವರೆ ದಶಕವನ್ನು ಮುಖ್ಯವಾಗಿ ಈ ಕಾರ್ಯಕ್ಕೆ ಮೀಸಲಿಟ್ಟರು. ಅಚ್ಚುಮೊಳೆ ಜೋಡಿಸುವುದು, ಮುದ್ರಿಸುವುದು, ರಟ್ಟು ಕಟ್ಟುವುದು ಇವನ್ನೆಲ್ಲ ಮುಕ್ತಿಯ ಸ್ತ್ರೀಯರೇ ನಿರ್ವಹಿಸಿದರು. ಸಂಪೂರ್ಣ ಬೈಬಲ್ ರಮಾಬಾಯಿಯವರ ನಿಧನಾನಂತರ 1924ರಲ್ಲಿ ಪ್ರಕಟವಾಯಿತು.

ಅನಂತರದ ಬೆಳವಣಿಗೆ

ಸಂಸ್ಥೆಯ ಕಾರ್ಯವು ಆಗ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಗುಲ್ಬರ್ಗಾಕ್ಕೂ (ಇಂದಿನ ಕಲಬುರಗಿ) ವಿಸ್ತರಿಸಿತು. ಅಲ್ಲಿ ಸ್ಥಾಪಿಸಿದ ಶಾಲೆಯ ಹೊಣೆಯನ್ನು ಮನೋರಮಾಬಾಯಿ ಹೊತ್ತರು. ಅವರು 1921ರಲ್ಲಿ ತೀರಿಕೊಂಡರು. ಮಗಳ ಅಗಲಿಕೆಯ ಬಳಿಕವೂ ಅನುವಾದ ಕಾರ್ಯವನ್ನು ಮುಂದುವರಿಸಿದ ರಮಾಬಾಯಿ 1922ರ ಏಪ್ರಿಲ್ 5ರಂದು ನಿಧನರಾದರು. ಅವರ ಸ್ಮರಣಾರ್ಥ ಭಾರತೀಯ ಅಂಚೆ ಇಲಾಖೆ 1989ರಲ್ಲಿ ಅಂಚೆಚೀಟಿ ಹೊರತಂದಿತು. ಕೇಡಗಾಂವ್‌ನ ಸಂಸ್ಥೆಯು ಇಂದಿಗೂ ಪಂಡಿತಾ ರಮಾಬಾಯಿ ಮುಕ್ತಿ ಮಿಷನ್ ಎಂಬ ಹೆಸರಿನಲ್ಲಿ ಸ್ತ್ರೀಯರ ಹಾಗೂ ಮಕ್ಕಳ ಸೇವೆಯನ್ನು ಮುಂದುವರಿಸಿದೆ.