ಕೀನ್ಯಾದ ಮೆಕ್ಕೆಜೋಳ ವಿಷಪ್ರಕರಣ, 2004

2004ರ ಜನವರಿಯಿಂದ ಜುಲೈವರೆಗೆ ಪೂರ್ವ ಆಫ್ರಿಕಾದ ಕೀನ್ಯಾದಲ್ಲಿ ವಿಷವೇರಿದ ಮೆಕ್ಕೆಜೋಳ ಉಂಡು 317 ಜನ ಕಾಯಿಲೆ ಬಿದ್ದರು. ಅವರಲ್ಲಿ 125 ಮಂದಿ ಉಳಿಯಲಿಲ್ಲ. ವಿಷದ ಹೆಸರು ಅಫ್ಲಟಾಕ್ಸಿನ್. ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಕಾಳಿನ ಮೇಲೆ ಬೆಳೆಯುತ್ತಾ ಇದನ್ನು ಉಗುಳುತ್ತದೆ. ಮಕುವೇನಿ ಮತ್ತು ಕಿಟುಯಿ ಜಿಲ್ಲೆಗಳಲ್ಲಿ ಹಾನಿ ಹೆಚ್ಚು. ಮಚಾಕೋಸ್, ಥಿಕಾಗಳಲ್ಲೂ ರೋಗಿಗಳು ಕಂಡುಬಂದರು. ಅಫ್ಲಟಾಕ್ಸಿನ್‌ನಿಂದ ಮನುಷ್ಯರು ಸತ್ತ ಘಟನೆಗಳಲ್ಲಿ ದಾಖಲಾಗಿರುವ ಅತಿ ದೊಡ್ಡವುಗಳಲ್ಲಿ ಇದೊಂದು. ಕಾಯಿಲೆ ಬಿದ್ದ ಹೆಚ್ಚಿನವರು ತಿಂದದ್ದು ತಾವೇ ಬಿತ್ತಿ ಬೆಳೆದ ಕಾಳು. ಆಹಾರ ಸುರಕ್ಷತೆಯ ಕಾನೂನು ಅಂಗಡಿಯ ಬಾಗಿಲಲ್ಲೇ ನಿಂತುಬಿಡುತ್ತದೆ, ಬಡವನ ಮನೆಯ ಕಣಜದವರೆಗೆ ಬರುವುದಿಲ್ಲ ಎಂಬುದು ಇಷ್ಟು ಕಟುವಾಗಿ ಬಯಲಾದದ್ದು ಕಡಿಮೆ.

ನೆಲ ಮತ್ತು ಬೆಳೆ

ಮಕುವೇನಿ, ಕಿಟುಯಿ, ಮಚಾಕೋಸ್ ಸೇರಿದ ಸೀಮೆಗೆ ಉಕಂಬಾನಿ ಎಂದು ಹೆಸರು. ಕಾಂಬಾ ಜನರ ನಾಡು. ಬಹುಭಾಗ ಅರೆಶುಷ್ಕ ಭೂಮಿ. ಮಾರ್ಚ್‌ನಿಂದ ಮೇವರೆಗೆ ದೊಡ್ಡ ಮಳೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಸಣ್ಣ ಮಳೆ ಎಂದು ಎರಡು ಹಂಗಾಮು. ಹೆಸರಿಗೆ ಸಣ್ಣದಾದರೂ ಇಲ್ಲಿನ ರೈತ ಹೆಚ್ಚು ನಂಬುವುದು ಎರಡನೆಯದನ್ನೇ.

ಈ ಒಣನೆಲಕ್ಕೆ ಒಗ್ಗಿದ ಹಳೆಯ ಬೆಳೆಗಳು ಜೋಳ ಮತ್ತು ಸಜ್ಜೆ. ಇಪ್ಪತ್ತನೆಯ ಶತಮಾನದಲ್ಲಿ ಮೆಕ್ಕೆಜೋಳ ಅವುಗಳ ಜಾಗವನ್ನು ಆಕ್ರಮಿಸಿತು. ರೈತರು ಸುಮ್ಮನೆ ಮರುಳಾಗಿ ಬದಲಾದವರಲ್ಲ. ಜೋಳದ ಹೊಲದಲ್ಲಿ ತೆನೆ ಬಲಿಯುವವರೆಗೆ ಹಕ್ಕಿ ಕಾಯಬೇಕು. ಮಕ್ಕಳು ಶಾಲೆಗೆ ಹೋದ ಮೇಲೆ ಕಾಯುವವರು ಯಾರು? ಮೆಕ್ಕೆಜೋಳದ ತೆನೆಗೆ ಅದರ ಸಿಪ್ಪೆಯೇ ಕಾವಲು. ಜೊತೆಗೆ ಮಚಾಕೋಸ್ ಬಳಿಯ ಕಟುಮಾನಿ ಸಂಶೋಧನಾ ಕೇಂದ್ರ 1960ರ ದಶಕದಲ್ಲಿ ಬೇಗ ಬಲಿಯುವ ತಳಿಯನ್ನು ಕೊಟ್ಟಿತು. ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ತಿರುವಿ ಮಾಡುವ, ನಮ್ಮ ಮುದ್ದೆಯ ದಾಯಾದಿಯಂಥ ಉಗಾಲಿ, ಕಾಳು ಮತ್ತು ಹುರುಳಿಕಾಯಿಯ ಬೀಜ ಬೇಯಿಸಿದ ಗಿಥೇರಿ ದಿನನಿತ್ಯದ ಊಟವಾದವು. ಒಂದೇ ಧಾನ್ಯವನ್ನು ದಿನಕ್ಕೆರಡು ಹೊತ್ತು ಉಣ್ಣುವ ಮನೆಯಲ್ಲಿ ಆ ಧಾನ್ಯ ಕೆಟ್ಟರೆ ವಿಷ ತೆಳುವಾಗುವುದಕ್ಕೆ ಬೇರೆ ದಾರಿಯಿಲ್ಲ.

ವಿಷ ಏರುವ ಬಗೆ

ಅಫ್ಲಟಾಕ್ಸಿನ್ ಪತ್ತೆಗೆ ದಾರಿಯಾದದ್ದು 1960ರಲ್ಲಿ ಇಂಗ್ಲೆಂಡಿನ ಫಾರ್ಮುಗಳಲ್ಲಿ ನಡೆದ ಘಟನೆ. ಬ್ರೆಜಿಲ್‌ನಿಂದ ತರಿಸಿದ ಕಡಲೆಕಾಯಿ ಹಿಂಡಿ ತಿಂದ ಒಂದು ಲಕ್ಷಕ್ಕೂ ಮಿಕ್ಕಿದ ಟರ್ಕಿ ಕೋಳಿಮರಿಗಳು ಸತ್ತಿದ್ದವು. ಈ ಗುಂಪಿನಲ್ಲಿ ಬಿ1 ಎಂಬುದು ಅತಿ ತೀಕ್ಷ್ಣ. ದೀರ್ಘಕಾಲ ಅಲ್ಪ ಪ್ರಮಾಣದಲ್ಲಿ ಸೇರಿದರೆ ಯಕೃತ್ತಿನ ಕ್ಯಾನ್ಸರ್ ತರುತ್ತದೆ, ಹೆಪಟೈಟಿಸ್ ಬಿ ಇರುವವರಿಗೆ ಅಪಾಯ ಇನ್ನೂ ಹೆಚ್ಚು. ಒಮ್ಮೆಗೇ ಹೆಚ್ಚು ಸೇರಿದರೆ ಯಕೃತ್ತು ಕೈಕೊಡುತ್ತದೆ: ಕಾಮಾಲೆ, ಹೊಟ್ಟೆ ಮತ್ತು ಕಾಲುಗಳ ಊತ, ಸಾವು. ಬೇಯಿಸಿದರೆ, ಹುರಿದರೆ ಹೋಗುವ ವಿಷ ಇದಲ್ಲ.

ಬೂಷ್ಟಿನ ಬೀಜಕಣಗಳು ಮಣ್ಣಿನಲ್ಲೇ ಇರುತ್ತವೆ. ತೆನೆಗಟ್ಟುವ ಹೊತ್ತಿಗೆ ಮಳೆ ಕೈಕೊಟ್ಟು ಗಿಡ ಬಾಡಿದಾಗ, ಹುಳು ಕಾಳನ್ನು ಕೊರೆದಾಗ ಬೂಷ್ಟು ಒಳಹೊಗುತ್ತದೆ. ಕೊಯ್ಲಾದ ಮೇಲೆ ಕಾಳಿನ ತೇವಾಂಶ ಸುಮಾರು 13 ಪ್ರತಿಶತಕ್ಕೆ ಇಳಿಯದೆ ಚೀಲ ಸೇರಿದರೆ ಅಲ್ಲಿಯೂ ಬೆಳೆಯುತ್ತದೆ. ಅಂದರೆ ಬರವೂ ಅದಕ್ಕೆ ಅನುಕೂಲ, ಹೊತ್ತಲ್ಲದ ಹೊತ್ತಿನ ಮಳೆಯೂ ಅನುಕೂಲ. ಉಕಂಬಾನಿಯಲ್ಲಿ ಆ ವರ್ಷ ಎರಡೂ ಸೇರಿದವು. ಬೆಳೆ ಕಡಿಮೆ, ಸುತ್ತ ಹಸಿವು. ಹೊಲದಲ್ಲಿ ಬಿಟ್ಟರೆ ಕಳ್ಳರ ಪಾಲಾಗುತ್ತದೆಂದು ತೆನೆ ಪೂರ್ತಿ ಒಣಗುವ ಮೊದಲೇ ಮುರಿದರು. ಅಕಾಲದ ಮಳೆಯಲ್ಲಿ ಒಣಗಿಸಲಾಗಲಿಲ್ಲ. ಗಾಳಿಯಾಡುವ ಕಣಜ ಹೊರಗಿದೆ, ಅಲ್ಲಿಯೂ ಕಳ್ಳತನದ ಭಯ. ಹಸಿಕಾಳನ್ನು ತಂದು ಮಲಗುವ ಮನೆಯೊಳಗೇ ಒಟ್ಟಿದರು. ಇದರಲ್ಲಿ ಯಾವ ಹೆಜ್ಜೆಯನ್ನೂ ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ಒಂದೊಂದೂ ಹಸಿವಿನ ವರ್ಷದಲ್ಲಿ ಅನ್ನ ಉಳಿಸಿಕೊಳ್ಳುವ ಲೆಕ್ಕಾಚಾರವೇ.

ತನಿಖೆ

ಮೊದಲು ಸೋಂಕಿನ ಕಾಮಾಲೆಯ ಅನುಮಾನವಿತ್ತು. ವೈರಸ್ ಪರೀಕ್ಷೆಗಳಲ್ಲಿ ಏನೂ ಸಿಗಲಿಲ್ಲ. 1981ರಲ್ಲಿ ಇದೇ ಮಚಾಕೋಸ್‌ನಲ್ಲಿ ಅಫ್ಲಟಾಕ್ಸಿನ್‌ನಿಂದ 12 ಮಂದಿ ಸತ್ತಿದ್ದ ನೆನಪು ತನಿಖೆಗೆ ದಾರಿ ತೋರಿತು. 2004ರಲ್ಲಿ ಕೀನ್ಯಾದ ಮಿತಿ 20 ಪಿಪಿಬಿ, ಅಂದರೆ ಕಿಲೋ ಧಾನ್ಯಕ್ಕೆ 20 ಮೈಕ್ರೊಗ್ರಾಂ. ಮನೆಗಳಿಂದ ತಂದ ಕಾಳಿನಲ್ಲಿ 4,400 ಪಿಪಿಬಿವರೆಗೆ ಬಿ1 ಸಿಕ್ಕಿತು, ಮಿತಿಯ 220 ಪಟ್ಟು. ಕಾಯಿಲೆ ಬಿದ್ದವರನ್ನೂ ಅದೇ ಊರಿನ ಆರೋಗ್ಯವಂತರನ್ನೂ ಹೋಲಿಸಿದಾಗ, ರೋಗಿಗಳ ಮನೆಯ ಕಾಳಿನಲ್ಲಿ ಸರಾಸರಿ 354 ಪಿಪಿಬಿ, ಇತರರಲ್ಲಿ 44. ಆರೋಗ್ಯವಂತರ ಕಾಳೂ ಮಿತಿಯ ಇಮ್ಮಡಿ ದಾಟಿತ್ತೆಂಬುದು ಇಲ್ಲಿ ಗಮನಿಸಬೇಕಾದ ಮಾತು. ಪೀಡಿತ ಜಿಲ್ಲೆಗಳ ಸಂತೆ, ಅಂಗಡಿಗಳಿಂದ ತಂದ 350 ಮಾದರಿಗಳಲ್ಲಿ 55 ಪ್ರತಿಶತ ಮಿತಿ ಮೀರಿದ್ದವು. 7 ಪ್ರತಿಶತದಲ್ಲಿ 1,000 ಪಿಪಿಬಿಗಿಂತ ಹೆಚ್ಚು. ಊರಿನ ಕೆಟ್ಟ ಕಾಳು ಮಾರಾಟಕ್ಕೆ ಬಂದು, ಸ್ವಂತ ಬೆಳೆ ತೀರಿದವರ ಮನೆಗೂ ಹೊಕ್ಕಿತ್ತು.

ಸರ್ಕಾರ ಕೆಟ್ಟ ಕಾಳನ್ನು ಜಪ್ತಿ ಮಾಡಿ ಬದಲಿ ಧಾನ್ಯ ಹಂಚಿತು. ಬದಲಿ ಕೊಡದೆ ತಿನ್ನಬೇಡಿ ಎಂದಷ್ಟೇ ಹೇಳಿದ್ದರೆ ಆ ಮಾತಿಗೆ ಅರ್ಥವೇ ಇರುತ್ತಿರಲಿಲ್ಲ. ಆದರೂ 2005 ಮತ್ತು 2006ರಲ್ಲಿ ಅದೇ ಸೀಮೆಯಲ್ಲಿ ಮತ್ತೆ ಸಾವುಗಳಾದವು.

ಭಾರತದ ಪ್ರಕರಣಗಳು

ಭಾರತಕ್ಕೆ ಈ ಕಥೆ ಹೊಸದಲ್ಲ. 1974ರ ಕೊನೆಯಲ್ಲಿ ಗುಜರಾತಿನ ಪಂಚಮಹಲ್ ಮತ್ತು ರಾಜಸ್ಥಾನದ ಬನ್ಸ್‌ವಾಡಾ ಜಿಲ್ಲೆಗಳ ಆದಿವಾಸಿ ಹಳ್ಳಿಗಳಲ್ಲಿ ಮಳೆಗೆ ಸಿಕ್ಕಿದ ಮೆಕ್ಕೆಜೋಳ ತಿಂದು ಕಾಯಿಲೆ ಬಿದ್ದ 397 ಜನರಲ್ಲಿ 106 ಮಂದಿ ಸತ್ತರು. ಅದೇ ಊಟ ಹಂಚಿಕೊಂಡ ನಾಯಿಗಳೂ ಸತ್ತವು. 1995ರಲ್ಲಿ ದಖ್ಖನ್ ಪ್ರಸ್ಥಭೂಮಿಯ ಹಳ್ಳಿಗಳಲ್ಲಿ ಮಳೆಯಲ್ಲಿ ನೆನೆದ ಜೋಳ ಮತ್ತು ಮೆಕ್ಕೆಜೋಳ ಉಂಡವರಿಗೆ ಹೊಟ್ಟೆನೋವು, ಭೇದಿ ಕಾಣಿಸಿಕೊಂಡಿತು. ಅದು ಫ್ಯುಮೊನಿಸಿನ್ ಎಂಬ ಬೇರೊಂದು ಶಿಲೀಂಧ್ರವಿಷ, ಬೇಗ ವಾಸಿಯಾಯಿತು.

ತಡೆಯ ಕ್ರಮಗಳು

ಕಾಂಬಾ ಹೆಂಗಸರು ಕಾಳನ್ನು ಒರಳಿನಲ್ಲಿ ಕುಟ್ಟಿ ಹೊಟ್ಟು ತೆಗೆದು ಮುಥೊಕೋಯ್ ಮಾಡುವ ರೂಢಿಯಿದೆ. ವಿಷದ ಒಂದಷ್ಟು ಪಾಲು ಹೊಟ್ಟಿನೊಂದಿಗೆ ಹೋಗುತ್ತದೆ. ಬಣ್ಣಗೆಟ್ಟ, ಮುರುಕಲು ಕಾಳನ್ನು ಆರಿಸಿ ತೆಗೆದರೂ ವಿಷ ಸಾಕಷ್ಟು ಇಳಿಯುತ್ತದೆ. ಆದರೆ ನೋಡಲು ಚೆನ್ನಾಗಿರುವ ಕಾಳಿನಲ್ಲೂ ವಿಷ ಇರಬಹುದು. ಒಣಗಿಸಲು ತಾಡಪಾಲು, ತುಂಬಲು ಗಾಳಿಯಾಡದ ಮೂರು ಪದರದ ಚೀಲಗಳನ್ನು ಈಗ ಮಾರುತ್ತಾರೆ. ಬಾಯಿ ಬಿಗಿದ ಚೀಲದಲ್ಲಿ ಕಾಳು ಮತ್ತು ಹುಳುಗಳ ಉಸಿರಾಟದಿಂದಲೇ ಆಮ್ಲಜನಕ ತೀರಿಹೋಗುತ್ತದೆ. ಉತ್ತರ ಕರ್ನಾಟಕದಲ್ಲಿ ನೆಲದೊಳಗೆ ತೋಡಿದ ಧಾನ್ಯದ ಗುಂಡಿಗಳಾದ ಹಗೇವುಗಳಲ್ಲಿ ಜೋಳ ಉಳಿಯುತ್ತಿದ್ದದ್ದೂ ಇದೇ ತತ್ವದಿಂದ. ಬಾಯಿ ತೆರೆದು ಗಾಳಿಯಾಡಿಸದೆ ಒಳಗಿಳಿದವರು ಉಸಿರುಕಟ್ಟಿ ಸತ್ತದ್ದೂ ಅದೇ ಕಾರಣಕ್ಕೆ. ಆದರೆ ಚೀಲವಾಗಲಿ ಹಗೇವಾಗಲಿ, ಹಸಿಕಾಳು ತುಂಬಿದರೆ ಕಾಪಾಡಲಾರದು.

ಹೊಲದಲ್ಲೇ ತಡೆಯುವ ಉಪಾಯ ಅಫ್ಲಾಸೇಫ್. ಅಂತರರಾಷ್ಟ್ರೀಯ ಉಷ್ಣವಲಯ ಕೃಷಿ ಸಂಸ್ಥೆ ಮತ್ತು ಅಮೆರಿಕದ ಕೃಷಿ ಇಲಾಖೆ ರೂಪಿಸಿದ ಇದರಲ್ಲಿ ಮೊಳೆಯದಂತೆ ಮಾಡಿದ ಜೋಳದ ಕಾಳಿಗೆ ವಿಷ ಉತ್ಪಾದಿಸದ ಆಸ್ಪರ್ಜಿಲಸ್ ತಳಿಗಳನ್ನು ಲೇಪಿಸಿರುತ್ತಾರೆ. ಬೆಳೆ ಹೂಬಿಡುವುದಕ್ಕೆ ಎರಡು ಮೂರು ವಾರ ಮುಂಚೆ ಎಕರೆಗೆ 4 ಕಿಲೋ ಕೈಯಿಂದ ಎರಚಿದರೆ, ಈ ಸಾಧು ಬೂಷ್ಟು ಮೊದಲೇ ಜಾಗ ಹಿಡಿದು ವಿಷದ ಬೂಷ್ಟಿಗೆ ಎಡೆಗೊಡುವುದಿಲ್ಲ. ಸಾಮಾನ್ಯವಾಗಿ ವಿಷ 80 ಪ್ರತಿಶತಕ್ಕೂ ಹೆಚ್ಚು ಇಳಿಯುತ್ತದೆ. ಕೀನ್ಯಾಕ್ಕೆಂದೇ ಸಿದ್ಧವಾದ ಇದರ ತಯಾರಿ ಘಟಕ ಇರುವುದು ಕಟುಮಾನಿಯಲ್ಲಿ. ತೊಡಕು ಬೇರೆ ಕಡೆ ಇದೆ: ಗೊಬ್ಬರ ಹಾಕಿದರೆ ಇಳುವರಿ ಕಾಣುತ್ತದೆ, ಇದನ್ನು ಎರಚಿದರೆ ಏನೂ ಕಾಣುವುದಿಲ್ಲ. ಶುದ್ಧ ಕಾಳಿಗೆ ಸಂತೆಯಲ್ಲಿ ಹೆಚ್ಚು ಬೆಲೆಯೂ ಸಿಗದಿದ್ದರೆ ರೈತ ಕೈಯಿಂದ ಹಣ ಹಾಕಬೇಕಾದ ಕಾರಣವೇನು?

ಮಿತಿ ಮತ್ತು ಮಾರುಕಟ್ಟೆ

ಪೂರ್ವ ಆಫ್ರಿಕಾ ಸಮುದಾಯದ ಈಗಿನ ಮಿತಿ ಒಟ್ಟು ಅಫ್ಲಟಾಕ್ಸಿನ್‌ಗೆ 10 ಪಿಪಿಬಿ. 2019ರ ನವೆಂಬರ್‌ನಲ್ಲಿ ಕೀನ್ಯಾದ ಮಾನಕ ಸಂಸ್ಥೆ ಮಿತಿ ಮೀರಿದ ಐದು ಬ್ರಾಂಡ್‌ಗಳ ಮೆಕ್ಕೆಜೋಳದ ಹಿಟ್ಟಿನ ಮಾರಾಟ ನಿಲ್ಲಿಸಿತು. 2021ರ ಮಾರ್ಚ್‌ನಲ್ಲಿ ಉಗಾಂಡಾ ಮತ್ತು ಟಾಂಜಾನಿಯಾಗಳ ಕಾಳಿಗೆ ಗಡಿ ಮುಚ್ಚಿ, ಕೆಲವೇ ದಿನಗಳಲ್ಲಿ ಷರತ್ತು ಹಾಕಿ ತೆರೆದರು. ನೆರೆಯವರ ಕಾಳಿಲ್ಲದೆ ಕೀನ್ಯಾಕ್ಕೆ ಸಾಗುವುದಿಲ್ಲ. ಪರೀಕ್ಷೆಯೂ ಸುಲಭವಲ್ಲ. ವಿಷ ಚೀಲದ ತುಂಬ ಸಮನಾಗಿ ಹರಡಿರುವುದಿಲ್ಲ, ಸಾವಿರಾರು ಕಾಳುಗಳಲ್ಲಿ ಕೆಲವೇ ಕೆಲವು ಅದನ್ನು ಹೊತ್ತಿರುತ್ತವೆ. ಒಂದು ಹಿಡಿ ತೆಗೆದು ನೋಡಿದರೆ 90 ಕಿಲೋದ ಚೀಲ ಪಾಸಾಗಬಹುದು, ಇನ್ನೊಂದು ಹಿಡಿಗೆ ಫೇಲಾಗಬಹುದು.

ಮಾರಾಟಕ್ಕೆ ಬೇಡವೆಂದ ಕಾಳನ್ನು ಹಾಳುಗೆಡವಲು ಯಾರಿಗೂ ಮನಸ್ಸಾಗುವುದಿಲ್ಲ. ಒಂದಿಷ್ಟು ನಾಡಮದ್ಯ ತಯಾರಿಸುವವರಿಗೆ, ಒಂದಿಷ್ಟು ಅಗ್ಗದ ದರಕ್ಕೆ ದನದ ಮೇವಿಗೆ ಹೋಗುತ್ತದೆ. ಅಂಥ ಮೇವು ತಿಂದ ಹಸುವಿನ ಹಾಲಿನಲ್ಲಿ ಬಿ1 ತುಸು ರೂಪ ಬದಲಿಸಿ ಎಂ1 ಆಗಿ ಇಳಿಯುತ್ತದೆ. ನೈರೋಬಿಯಲ್ಲಿ ಮಾರುವ ಹಾಲಿನ ಮಾದರಿಗಳಲ್ಲಿ ಸಂಶೋಧಕರು ಇದನ್ನು ಮತ್ತೆ ಮತ್ತೆ ಕಂಡಿದ್ದಾರೆ.