ಎನ್‌ಎಂಆರ್ ಹಾಳೆಯಿಂದ ಮೊಬೈಲ್ ಫೋಟೊಗೆ: ತಿಂಥಣಿ ಸೀಮೆಯ ಖಾತ್ರಿ ಕೆಲಸದ ಹಾಜರಿ

ಮೌನೇಶ್ವರರ ಸನ್ನಿಧಿಯಿಂದ ನಾಡಿಗೆಲ್ಲ ಪರಿಚಿತವಾದ, ಕೃಷ್ಣಾ ನದಿ ದಡದ ತಿಂಥಣಿಯು ಈಗ ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನಲ್ಲಿದ್ದರೂ, 2006ರ ಫೆಬ್ರವರಿ 2ರಂದು ಉದ್ಯೋಗ ಖಾತ್ರಿ ಯೋಜನೆಯು ದೇಶದ 200 ಜಿಲ್ಲೆಗಳಲ್ಲಿ ಆರಂಭವಾದಾಗ ಅವಿಭಜಿತ ಗುಲಬರ್ಗಾ ಜಿಲ್ಲೆಗೆ ಸೇರಿತ್ತು. ಕರ್ನಾಟಕದಿಂದ ಮೊದಲ ಹಂತಕ್ಕೆ ಆಯ್ಕೆಯಾದ ಐದು ಜಿಲ್ಲೆಗಳಲ್ಲಿ ಗುಲಬರ್ಗಾವೂ ಒಂದಾಗಿದ್ದರಿಂದ, ಬೆಂಗಳೂರು, ಪುಣೆ, ಮುಂಬೈಗಳಿಗೆ ಗುಳೆ ಹೋಗುವ ಈ ಸೀಮೆಯ ಕೂಲಿಕಾರರಿಗೆ ರಾಜ್ಯದ ಬಹುಭಾಗಕ್ಕಿಂತ ಮೊದಲೇ ಊರಲ್ಲಿ ಕೆಲಸ ಕೇಳುವ ಹಕ್ಕು ದೊರೆಯಿತು. ಆ ಹಕ್ಕು ಕೂಲಿಯಾಗಿ ಕೈ ಸೇರಬೇಕಾದರೆ ಹಾಜರಿ ದಾಖಲಾಗಬೇಕಿತ್ತು. ಆ ದಾಖಲೆಯ ರೂಪ ಎರಡು ದಶಕಗಳೊಳಗೆ ಪೂರ್ತಿ ಬದಲಾಯಿತು.

ಮೊದಲಿಗೆ ಇದ್ದದ್ದು ಎನ್‌ಎಂಆರ್, ಅಂದರೆ ಕೂಲಿಕಾರರ ಹೆಸರು, ಉದ್ಯೋಗ ಚೀಟಿಯ ಸಂಖ್ಯೆ ಮತ್ತು ದಿನವಾರು ಹಾಜರಿಯನ್ನು ತೋರಿಸುವ ಕಾಗದದ ಪಟ್ಟಿ. ಕೆಲಸದ ಸ್ಥಳದ ಮೇಟಿಯು, ಅಂದರೆ ಕರ್ನಾಟಕದಲ್ಲಿ ಕಾಯಕ ಬಂಧು ಎಂದು ಕರೆಯಲಾಗುವ ಮೇಲ್ವಿಚಾರಕರು, ಅದರಲ್ಲಿ ಗುರುತು ಹಾಕಿದ ಮೇಲೆ, ಅಗೆದ ಬದು ಅಥವಾ ಎತ್ತಿದ ಹೂಳನ್ನು ಎಂಜಿನಿಯರ್ ಅಳೆದು ಅಳತೆ ಪುಸ್ತಕದಲ್ಲಿ ಬರೆಯುತ್ತಿದ್ದರು. ಕಾಗದದಲ್ಲಿ ಬಾರದವರ ಹೆಸರನ್ನೂ ಸೇರಿಸಲು ಅವಕಾಶವಿತ್ತೆಂಬುದು ನಿಜ. ಆದರೆ ತಮ್ಮ ಹೆಸರಿನ ಮುಂದೆ ಗುರುತು ಬಿದ್ದಿದೆಯೇ ಎಂಬುದನ್ನು ಕೂಲಿಕಾರರು ಅಲ್ಲೇ ನೋಡಬಹುದಿತ್ತು, ಓದು ಬಾರದವರು ಪಕ್ಕದವರಿಂದ ಓದಿಸಿಕೊಳ್ಳಬಹುದಿತ್ತು.

ಫೋಟೊ ಮೊದಲು ಬಂದದ್ದು ಕೂಲಿಕಾರರಿಗಾಗಿ ಅಲ್ಲ, ಕಾಮಗಾರಿಗಾಗಿ. ಮುಗಿದ ಕಾಮಗಾರಿಗಳ ಚಿತ್ರವನ್ನು ಅಕ್ಷಾಂಶ, ರೇಖಾಂಶಗಳ ಸಮೇತ ಇಸ್ರೋದ ಭುವನ್ ಜಾಲತಾಣಕ್ಕೆ ಸೇರಿಸುವ ಕ್ರಮ 2016ರಲ್ಲಿ ಶುರುವಾಯಿತು. ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವು 2021ರ ಮೇ ತಿಂಗಳಲ್ಲಿ ಎನ್‌ಎಂಎಂಎಸ್ ಎಂಬ ಆ್ಯಪ್ ತಂದಾಗ ಕ್ಯಾಮೆರಾ ಮನುಷ್ಯರ ಕಡೆಗೆ ತಿರುಗಿತು. 2022ರ ಮೇ 16ರಿಂದ 20 ಅಥವಾ ಹೆಚ್ಚು ಮಂದಿ ದುಡಿಯುವ ಸ್ಥಳಗಳಲ್ಲಿ, 2023ರ ಜನವರಿ 1ರಿಂದ ವೈಯಕ್ತಿಕ ಫಲಾನುಭವಿಗಳ ಕಾಮಗಾರಿ ಬಿಟ್ಟು ಉಳಿದೆಲ್ಲೆಡೆ, ದಿನಕ್ಕೆ ಎರಡು ಫೋಟೊ ಕಡ್ಡಾಯವಾದವು.

ಫೋಟೊ ತೆಗೆದ ಮಾತ್ರಕ್ಕೆ ಹಾಜರಿಯಾಗುವುದಿಲ್ಲ. ಅದು ದೂರದ ಸರ್ವರ್ ತಲುಪಿ, ತಲುಪಿದೆಯೆಂಬ ಉತ್ತರ ಫೋನಿಗೆ ಮರಳಬೇಕು. ಜಿಪಿಎಸ್ ಬಂದ್ ಆಗಿದ್ದರೆ ಚಿತ್ರಕ್ಕೆ ಸ್ಥಳದ ಗುರುತು ಸೇರುವುದಿಲ್ಲ, ಫೋನಿನ ಗಡಿಯಾರ ತಪ್ಪಾಗಿದ್ದರೆ ಅದು ದಾಖಲಿಸುವ ವೇಳೆಯೂ ತಪ್ಪಾಗುತ್ತದೆ, ಸಿಗ್ನಲ್ ಕ್ಷೀಣಿಸಿದಲ್ಲಿ ಭಾರವಾದ ಚಿತ್ರ ಅರ್ಧಕ್ಕೆ ನಿಲ್ಲುತ್ತದೆ. ಇವೆಲ್ಲಕ್ಕಿಂತ ಕಷ್ಟದ ದೋಷ ಇನ್ನೊಂದಿದೆ: ಚಿತ್ರ ಸರ್ವರ್ ಸೇರಿದರೂ ಉತ್ತರ ದಾರಿಯಲ್ಲೇ ಕಳೆದುಹೋದರೆ, ಅಪ್‌ಲೋಡ್ ಆಗಿಲ್ಲವೆಂದು ಆ್ಯಪ್ ಅದನ್ನೇ ಮತ್ತೆ ಕಳುಹಿಸುತ್ತದೆ. ಇದಕ್ಕೆ ತಂತ್ರಜ್ಞರ ಪರಿಹಾರವೆಂದರೆ, ಪ್ರತಿ ಚಿತ್ರಕ್ಕೂ ಫೋನಿನಲ್ಲೇ ಒಂದು ಗುರುತಿನ ಸಂಖ್ಯೆ ಕೊಟ್ಟು, ಅದೇ ಸಂಖ್ಯೆ ಎರಡನೇ ಸಲ ಬಂದರೆ ಸರ್ವರ್ ಹೊಸ ದಾಖಲೆ ಮಾಡದೆ ಹಳೆಯ ಉತ್ತರವನ್ನೇ ಮರಳಿಸುವಂತೆ ಮಾಡುವುದು. ಫೋನಿನೊಳಗೆ ಸಾಲಾಗಿ ಕಾಯುವ ಚಿತ್ರಗಳು ಸಾಮಾನ್ಯವಾಗಿ ಆ್ಯಪ್‌ನ ಸ್ವಂತ ಜಾಗದಲ್ಲಿರುವುದರಿಂದ, ಸಮಸ್ಯೆ ಬಂತೆಂದು ಆ್ಯಪ್ ತೆಗೆದು ಮತ್ತೆ ಹಾಕಿಕೊಂಡರೆ ಆ ದಿನದ ಹಾಜರಿಯೇ ಅಳಿಸಿಹೋಗಬಹುದು.

ದೇಶದ ಹಲವೆಡೆಯಿಂದ ದೂರುಗಳು ಬಂದ ಮೇಲೆ ಸಚಿವಾಲಯವು ನೆಟ್‌ವರ್ಕ್ ಇಲ್ಲದೆಯೂ ಫೋಟೊ ತೆಗೆದು, ಸಿಕ್ಕಾಗ ಕಳುಹಿಸಲು ಅವಕಾಶ ಕೊಟ್ಟಿತು. ಎರಡನೇ ಫೋಟೊವನ್ನು ಮೊದಲನೆಯದಾದ ನಾಲ್ಕು ಗಂಟೆಗಳ ನಂತರ ತೆಗೆಯಬಹುದೆಂದಿತು. ವಿಶೇಷ ಸಂದರ್ಭದಲ್ಲಿ ಹಾಜರಿ ಸೇರಿಸುವ ಅಧಿಕಾರವನ್ನು ಜಿಲ್ಲಾ ಕಾರ್ಯಕ್ರಮ ಸಂಯೋಜಕರಿಗೆ ಕೊಟ್ಟಿತು. ಇಷ್ಟಾದರೂ ಫೋಟೊ ಮೋಸವನ್ನು ತಡೆಯಲಿಲ್ಲ: ಸಂಬಂಧವಿಲ್ಲದ ಚಿತ್ರಗಳು, ಫೋಟೊದ ಮೇಲೆ ತೆಗೆದ ಫೋಟೊಗಳು ಬರುತ್ತಿವೆಯೆಂದು 2025ರ ಜುಲೈನಲ್ಲಿ ಸಚಿವಾಲಯವೇ ಸುತ್ತೋಲೆಯಲ್ಲಿ ಒಪ್ಪಿಕೊಂಡಿತು. ಸುಳ್ಳು ಹಾಜರಿಗೆ ದಾರಿ ಉಳಿದುಕೊಂಡು, ನಿಜವಾಗಿ ಬೆವರು ಸುರಿಸಿದವರು ನೆಟ್‌ವರ್ಕಿನ ದೋಷಕ್ಕೆ ಕೂಲಿ ತೆರಬೇಕಾದ ವ್ಯವಸ್ಥೆಯನ್ನು ಸುಧಾರಣೆಯೆಂದು ಕರೆಯಲಾಗದು.

ಎನ್‌ಎಂಆರ್ ಮುಗಿದ 15 ದಿನಗಳೊಳಗೆ ಕೂಲಿ ಕೊಡದಿದ್ದರೆ 16ನೇ ದಿನದಿಂದ ದಿನಕ್ಕೆ ಶೇ 0.05ರಷ್ಟು ಪರಿಹಾರವನ್ನು ಉದ್ಯೋಗ ಖಾತ್ರಿ ಕಾಯ್ದೆಯ ಎರಡನೇ ಅನುಸೂಚಿ ನಿಗದಿಪಡಿಸಿತ್ತು. ಆದರೆ ಅಪ್‌ಲೋಡ್ ಆಗದೆ ಉಳಿದ ಹಾಜರಿಗೆ ಆ ಲೆಕ್ಕ ಅನ್ವಯಿಸಲಿಲ್ಲ. ಏಕೆಂದರೆ ದಾಖಲೆಯ ಪ್ರಕಾರ ಆ ದಿನ ಅಲ್ಲಿ ಯಾರೂ ಕೆಲಸ ಮಾಡಿರಲಿಲ್ಲ.